ಎರಡು ಮೇಣದಬತ್ತಿ ಹೆಚ್ಚು

ಭಾಷೆ ಗೊತ್ತಿಲ್ಲದ ದೇಶದ ಹೋಟೆಲು, ಏಳನೇ ಮಹಡಿಯ ಕೋಣೆ. ಕಿಟಕಿ ಪಕ್ಕದ ಗಾಜಿನ ಮೇಜಿನ ಮೇಲೆ ಕೇಕು, ಅದರ ಮೈತುಂಬ ಕಡ್ಡಿಯಷ್ಟು ತೆಳ್ಳಗಿನ ಮೇಣದಬತ್ತಿಗಳು. ಅರವತ್ತಕ್ಕೆ ಅರವತ್ತೂ ಇವೆ, ಬೇಕಾದರೆ ಎಣಿಸಿಕೋ ಎಂದು ತಮ್ಮ ಬೆಳಿಗ್ಗೆಯಿಂದ ಎದೆಯುಬ್ಬಿಸಿ ಹೇಳುತ್ತಿದ್ದ.

ಅಕ್ಕ ಎಣಿಸಿದಳು. ಎಣಿಸುವುದು ಅವಳಿಗೆ ಹೊಸದಲ್ಲ. ಆಪರೇಷನ್ ಥಿಯೇಟರಿನಲ್ಲಿ ನಲವತ್ತು ವರ್ಷ ನರ್ಸಾಗಿದ್ದವಳು. ಹೊಟ್ಟೆಗೆ ಹೊಲಿಗೆ ಹಾಕುವ ಮುಂಚೆ ಕತ್ತರಿ, ಸೂಜಿ, ಬಟ್ಟೆತುಂಡುಗಳನ್ನೆಲ್ಲ ಜೋರಾಗಿ ಎಣಿಸಿ, ಒಂದು ಹೆಚ್ಚುಕಮ್ಮಿಯಾದರೂ ಎಂಥ ದೊಡ್ಡ ಡಾಕ್ಟರ ಕೈಯನ್ನೂ ತಡೆಯುತ್ತಿದ್ದಳು.

ಅವಳಿಗೆ ಅರವತ್ತಾಗಿರಲಿಲ್ಲ. ಹದಿನಾರಕ್ಕೇ ನರ್ಸಿಂಗಿಗೆ ಸೇರಿಸಲು ಅಪ್ಪ ದಾಖಲೆಯಲ್ಲಿ ಎರಡು ವರ್ಷ ಏರಿಸಿದ್ದ. ಅವಳು ದುಡಿದರೆ ತಮ್ಮನ ಓದು ಸಾಗುತ್ತಿತ್ತು, ಸಾಗಿತು. ಅದೇ ಎರಡು ವರ್ಷ, ಅರವತ್ತಾಯಿತೆಂದು, ಹೋದ ತಿಂಗಳು ಅವಳನ್ನು ನಿವೃತ್ತಿ ಮಾಡಿ ಥಿಯೇಟರಿನಿಂದ ಹೊರಗೆ ಹಾಕಿತ್ತು. ಹುಟ್ಟಿದ ವರ್ಷ ತಿದ್ದಲು ಮನೆಯವರೊಬ್ಬರ ಸಾಕ್ಷಿ ಬೇಕೆಂದು ಕಚೇರಿಯವರು ಕೇಳಿದಾಗ ಅವಳು ತಮ್ಮನ ಬಳಿಗೇ ಹೋಗಿದ್ದಳು. ಸತ್ತ ಅಪ್ಪನ ಮಾನ ಯಾಕೆ ಕಳೆಯುತ್ತೀಯ, ಹಾಯಾಗಿ ಮನೆಯಲ್ಲಿರು ಎಂದವನು ಸಹಿ ಹಾಕಲಿಲ್ಲ. ಬದಲಿಗೆ ಅವಳ ಅರವತ್ತರ ಸಂಭ್ರಮಕ್ಕೆಂದು ವಿಮಾನದ ಟಿಕೆಟು ತಂದ. ಏನೂ ಅರಿಯದ ಕಿರಿಯ ತಂಗಿ ಚಿನ್ನಿ ಗೋಗರೆದಳೆಂದು ಅಕ್ಕ ಹಲ್ಲುಕಚ್ಚಿ ಬಂದಿದ್ದಳು.

"ಬೇಗ ಊದಕ್ಕಾ, ಮೇಣ ಇಳೀತಿದೆ," ಅಂದಳು ಚಿನ್ನಿ, ಫೋನು ಎತ್ತಿ ಹಿಡಿದು.

ಅಕ್ಕ ಉರಿಯುತ್ತಿದ್ದ ಎರಡು ಬತ್ತಿಗಳನ್ನು ಕಿತ್ತು ತಮ್ಮನ ತಟ್ಟೆಯಲ್ಲಿಟ್ಟಳು. ಬಿಸಿ ಮೇಣ ಬೆರಳಿಗಿಳಿದರೂ ಕೈ ಅಲುಗಲಿಲ್ಲ.

"ಇವೆರಡು ನಂದಲ್ಲ. ಅಪ್ಪ ನಿನ್ನ ಓದಿಗೆ ಅಂತ ನನ್ನ ವಯಸ್ಸಿಗೆ ಸೇರಿಸಿದ್ದು. ನೀನೇ ಇಟ್ಕೋ."

ತಮ್ಮ ನಗಲು ನೋಡಿದ. "ಇಲ್ಲಿಗೆ ಬಂದ್ರೂ ಅದೇ ರಾಗನಾ? ಪಾಸ್‌ಪೋರ್ಟ್ ತೆಗೆದು ನೋಡು, ಅರವತ್ತೇ ಇದೆ."

"ನನ್ನ ಹೆತ್ತಿದ್ದು ಪಾಸ್‌ಪೋರ್ಟಾ?"

ಚಿನ್ನಿಯ ಫೋನು ನಿಧಾನವಾಗಿ ಕೆಳಗಿಳಿಯಿತು. "ಅಣ್ಣಾ, ನಿಂಗೆ ಇದು ಗೊತ್ತಿತ್ತಾ?"

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಅಕ್ಕ ಚಾಕು ಎತ್ತಿಕೊಂಡಳು.

"ಉಳಿದಿದ್ದು ಎಣಿಸು. ಜೋರಾಗಿ. ಲೆಕ್ಕ ಸರಿ ಅಂತ ನಿನ್ನ ಬಾಯಲ್ಲಿ ಕೇಳೋವರೆಗೂ ಇದಕ್ಕೆ ಚಾಕು ಹಾಕಲ್ಲ."

ಕೆಳಗಿನ ರಸ್ತೆಯಲ್ಲಿ ಟ್ರಾಮೊಂದು ಗಂಟೆ ಬಾರಿಸುತ್ತ ಹೋಯಿತು. ತಮ್ಮ ಗಂಟಲು ಸರಿಮಾಡಿಕೊಂಡು ಒಂದು, ಎರಡು ಎಂದು ಶುರುಮಾಡಿದ. ಮೂವತ್ತರ ಹೊತ್ತಿಗೆ ದನಿ ಇಳಿಯಿತು. ಕೇಳಿಸ್ತಿಲ್ಲ ಅಂದಳು ಅಕ್ಕ. ಮೊದಲಿಂದ ಎಣಿಸಿದ. ಮೇಣವೆಲ್ಲ ಕರಗಿ ಕೇಕಿನ ತುಂಬ ಹರಿದು, ತಿನ್ನಲು ಬಾರದಂತಾದ ಮೇಲೆ ಅವನ ಬಾಯಿಂದ ಐವತ್ತೆಂಟು ಹೊರಬಿತ್ತು.