ಟೈಟಲ್ಲಿನಲ್ಲಿ ಇಲ್ಲದ ಹೆಸರು

ನಾನು ಒಂದು ಜಾಯಿನರ್. ಸಿನಿಮಾ ಫಿಲ್ಮನ್ನು ಕತ್ತರಿಸಿ, ಬೇಕಾದ ತುಂಡಿಗೆ ಬೇಕಾದ ತುಂಡನ್ನು ಟೇಪಿನಿಂದ ಅಂಟಿಸುವ ಪುಟ್ಟ ಯಂತ್ರ. ಹುಟ್ಟಿದ್ದು ಮದರಾಸಿನ ಒಂದು ವರ್ಕ್‌ಶಾಪಿನಲ್ಲಿ. ಹರಿತವಾದ ಬ್ಲೇಡನ್ನೂ, ಫಿಲ್ಮಿನ ಅಂಚಿನ ತೂತುಗಳಲ್ಲಿ ಸರಿಯಾಗಿ ಕೂರುವ ಹಲ್ಲುಗಳನ್ನೂ ಕೊಟ್ಟು ನನ್ನನ್ನು ಕೋಡಂಬಾಕ್ಕಂನ ಎಡಿಟಿಂಗ್ ರೂಮಿಗೆ ಕಳಿಸಿದರು.

ಅಲ್ಲಿ ನನ್ನ ಒಡೆಯರು ಎಡಿಟರ್ ಕಣ್ಣಪ್ಪನ್. ಅವರ ಸಹಾಯಕಿ ದಾವಣಗೆರೆಯ ಕಾತ್ಯಾಯಿನಿ. ಬಂದವರೆಲ್ಲ ಅವಳನ್ನು ಟೈಪಿಸ್ಟ್ ಅಂದುಕೊಳ್ಳುತ್ತಿದ್ದರು. ಓಟದ ದೃಶ್ಯಕ್ಕೆ ತುಂಡುಗಳನ್ನು ಗಿಡ್ಡ ಮಾಡಿ ವೇಗ ತರುವುದು, ಬಾಗಿಲು ತೆಗೆಯುವ ಕೈ ಚಲಿಸುತ್ತಿರುವಾಗಲೇ ಕತ್ತರಿಸಿ ಜೋಡಣೆ ಕಣ್ಣಿಗೆ ಬೀಳದಂತೆ ಮಾಡುವುದು, ಇವನ್ನೆಲ್ಲ ಕಣ್ಣಪ್ಪನ್ ಕಲಿಸಿದರು. ಎಷ್ಟೋ ಸಲ ಮಾತಾಡುವವರಿಗಿಂತ ಕೇಳಿಸಿಕೊಳ್ಳುವವರ ಮುಖವೇ ಹೆಚ್ಚು ಹೇಳುತ್ತದೆ ಎಂಬುದನ್ನು ಅವಳೇ ಕಂಡುಕೊಂಡಳು.

ಕಣ್ಣು ಮಂಜಾಗಿ ಕೆಲಸ ಬಿಟ್ಟಾಗ ಕಣ್ಣಪ್ಪನ್ ನನ್ನನ್ನು ಅವಳಿಗೆ ಕೊಟ್ಟರು. ಅವಳು ಸ್ವತಂತ್ರವಾಗಿ ಒಪ್ಪಿಕೊಂಡ ಮೊದಲ ಚಿತ್ರದಲ್ಲಿ, ಗಂಡ ಹೆಂಡತಿಯನ್ನು ನೆಂಟರೆದುರು ಬೈಯುವ ದೃಶ್ಯವಿತ್ತು. ಹೀರೋಗೆ ಉದ್ದನೆಯ ಡೈಲಾಗು. ಕಾತ್ಯಾಯಿನಿ ಮೊದಲ ಮಾತಿಗೆ ಮಾತ್ರ ಅವನ ಮುಖ ಉಳಿಸಿ, ಮಿಕ್ಕ ಧ್ವನಿಯನ್ನೆಲ್ಲ ಹೆಂಡತಿಯ ಕ್ಲೋಸಪ್ಪಿನ ಮೇಲೆ ಹರಿಸಿದಳು. ಆಕೆ ಅಳುವುದಿಲ್ಲ. ಗಂಡನನ್ನೇ ನೋಡುತ್ತಾಳೆ, ಅಷ್ಟೆ. ನೋಡನೋಡುತ್ತ ಬೈಯುವವನೇ ಸಣ್ಣವನಾಗಿಬಿಟ್ಟ.

ನಿರ್ಮಾಪಕ ಪುಟ್ಟಸಿದ್ದಪ್ಪನವರಿಗೆ ಸಿಟ್ಟು ನೆತ್ತಿಗೇರಿತು. ಕ್ಲೋಸಪ್ ಕಿತ್ತು ಹೀರೋ ಮುಖ ಹಾಕಲು ಹೇಳಿದರು. ಅವಳು ಆಗುವುದಿಲ್ಲ ಅಂದಳು.

“ನೋಡಮ್ಮ, ಜನ ಬರೋದು ಹೀರೋನ ನೋಡೋಕೆ. ನೀನು ಮಾಡ್ದಿದ್ರೆ ಬೇರೆಯವರು ಮಾಡ್ತಾರೆ.”

“ಮಾಡಿಸ್ಕೊಳ್ಳಿ ಸಾರ್. ಅದರಲ್ಲಿ ನನ್ನ ಹೆಸರಿರಲ್ಲ.”

ಅವರೆದುರಿಗೇ ಟೈಟಲ್ ರೀಲನ್ನು ಬಿಚ್ಚಿದಳು. ‘ಸಂಕಲನ: ಕಾತ್ಯಾಯಿನಿ’ ಎಂಬ ತುಂಡಿನ ಎರಡೂ ಕಡೆ ಮೇಣದ ಪೆನ್ಸಿಲಿನಿಂದ ಗುರುತು ಹಾಕಿದಳು. ಅದುವರೆಗೆ ಅವಳ ಹೆಸರು ಒಮ್ಮೆಯೂ ತೆರೆಯ ಮೇಲೆ ಬಂದಿರಲಿಲ್ಲ. ನನ್ನ ಬ್ಲೇಡು ಅಳುಕಿದ್ದು ನಿಜ. ಅವಳು ಮಾತ್ರ ಅದನ್ನು ಒತ್ತಿಯೇಬಿಟ್ಟಳು. ತನ್ನ ಹೆಸರನ್ನು ಕತ್ತರಿಸಿ ತೆಗೆದು, ತುದಿಗಳನ್ನು ನೀಟಾಗಿ ಅಂಟಿಸಿ, ರೀಲನ್ನು ಅವರ ಕೈಗಿತ್ತಳು. ನನ್ನನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು.

ಹೀರೋ ಮುಖವೇ ತುಂಬಿಕೊಂಡ ಆ ಚಿತ್ರ ಚೆನ್ನಾಗಿಯೇ ಓಡಿತು. ಅವಳಿಗೆ ಮಾತ್ರ ಯಾರೂ ಚಿತ್ರ ಕೊಡಲಿಲ್ಲ. ಕಂಡವರ ಎಡಿಟಿಂಗ್ ರೂಮುಗಳಲ್ಲಿ ಫಿಲ್ಮ್ ಸುತ್ತಿ ಬದುಕಿದಳು. ಕ್ಷಮೆ ಕೇಳಿಬಿಡು ಎಂದವರ ಕಡೆ ತಿರುಗಿಯೂ ನೋಡಲಿಲ್ಲ.

ಕಡೆಗೆ ಅವಳನ್ನು ಹುಡುಕಿಕೊಂಡು ಬಂದದ್ದು ಆ ಹೆಂಡತಿಯ ಪಾತ್ರ ಮಾಡಿದ್ದ ನಟಿ ಶಾಂಭವಿ. ಆಕೆ ತಾನೇ ಒಂದು ಚಿತ್ರ ನಿರ್ದೇಶಿಸಲು ಹೊರಟಿದ್ದಳು.

“ನೀವು ಕಿತ್ತು ಹಾಕಲ್ಲ ಅಂದ ಮುಖ ಇದು. ನನ್ನ ಪಿಕ್ಚರ್ ನೀವೇ ಕಟ್ ಮಾಡ್ಬೇಕು.”

ಆಮೇಲೆ ಅವರಿಬ್ಬರೂ ಸೇರಿ ಮಾಡಿದ ಚಿತ್ರಗಳೆಲ್ಲ ನನ್ನ ಹಲ್ಲುಗಳ ನಡುವೆಯೇ ಹಾದುಹೋದವು. ಕೆಲವು ಓಡಿದವು, ಕೆಲವು ಮಕಾಡೆ ಮಲಗಿದವು. ಯಾರ ಮಾತಿಗೂ ಒಂದು ಶಾಟೂ ಬದಲಾಗಲಿಲ್ಲ.

ಈಗ ಎಡಿಟಿಂಗ್ ಎಲ್ಲ ಕಂಪ್ಯೂಟರಿನಲ್ಲಿ. ಕಾತ್ಯಾಯಿನಿ ಈ ವಯಸ್ಸಿನಲ್ಲೂ ಅದನ್ನು ಕಲಿತು, ನನ್ನನ್ನು ಒಂದು ಸಿನಿಮಾ ಶಾಲೆಗೆ ಕೊಟ್ಟಳು. ಗಾಜಿನ ಪೆಟ್ಟಿಗೆಯಲ್ಲಿ ಕೂತಿದ್ದೇನೆ. ‘ಬಳಕೆಯಲ್ಲಿಲ್ಲ’ ಎಂದು ಚೀಟಿ ಅಂಟಿಸಿದ್ದಾರೆ. ಅಂಟಿಸಲಿ. ಈಗ ಕಟ್ ಸರಿಬರದಿದ್ದರೆ ಗುಂಡಿ ಒತ್ತಿ ಏನೂ ಆಗಿಲ್ಲವೆಂಬಂತೆ ಹಿಂದಕ್ಕೆ ಹೋಗಬಹುದಂತೆ. ಜೋಡಣೆ ತೆರೆಯ ಮೇಲೆ ಕಾಣದಿದ್ದರೂ, ನಾನೂ ಕಾತ್ಯಾಯಿನಿಯೂ ಕತ್ತರಿಸಿದ ಗುರುತು ಫಿಲ್ಮಿನ ಮೇಲೆ ಉಳಿಯುತ್ತಿತ್ತು. ಅದನ್ನು ಎಂದೂ ಮುಚ್ಚಿಡಲಿಲ್ಲ ನಾವು.