ಕಬ್ಬು ಸಿಗಿಯುವ ಅಜ್ಜಿ

ಊರಿನ ನಾಲ್ಕು ರಸ್ತೆ ಕೂಡುವ ಕಡೆ, ಗಡಿಯಾರದ ಗೋಪುರಕ್ಕೆ ಎದುರಾಗಿ, ಅಜ್ಜಿಯೊಬ್ಬಳು ಸದಾ ಕಬ್ಬು ಸಿಗಿಯುತ್ತಿದ್ದಳು. ಮಾಳಿಗೆ ಮನೆಯಷ್ಟು ಎತ್ತರದ ಜಾಹೀರಾತು ಫಲಕ ಅದು. ಕಪ್ಪು ಕಬ್ಬಿನ ಜಲ್ಲೆಯನ್ನು ಓರೆಯಾಗಿ ಹಿಡಿದು, ಸುಕ್ಕುಬಿದ್ದ ಕೆನ್ನೆಯನ್ನು ಒಂದು ಪಕ್ಕಕ್ಕೆ ಎಳೆದುಕೊಂಡು, ಸಿಪ್ಪೆಯನ್ನು ಕಚ್ಚಿ ಎಳೆಯುತ್ತಿರುವ ಚಿತ್ರ. ಹಲ್ಲುಗಳು ಹೊಸದಾಗಿ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಿದ್ದವು. ಕೆಳಗೆ ‘ಅಜ್ಜಿಯ ಹಲ್ಲಿನ ಗುಟ್ಟು, ಧವಳಿಕಾ ಹಲ್ಲುಪುಡಿ’ ಎಂಬ ಸಾಲು. ಹೊಸಬರಿಗೆ ದಾರಿ ಹೇಳುವಾಗ ಜನ ಗಡಿಯಾರವನ್ನು ಬಿಟ್ಟು ಅವಳನ್ನೇ ಗುರುತಾಗಿ ಹೇಳುತ್ತಿದ್ದರು. ‘ಅಜ್ಜಿ ಹತ್ರ ಎಡಕ್ಕೆ ತಿರುಗಿ’ ಎಂದರೆ ಸಾಕಾಗಿತ್ತು.

ಆ ಅಜ್ಜಿಯನ್ನು ನೋಡಿಕೊಳ್ಳುವುದು ಆಗ ನನ್ನ ನೌಕರಿಯಾಗಿತ್ತು. ಪ್ರಹ್ಲಾದರಾಯರ ಸಾರ್ವಜನಿಕ ಸಂಪರ್ಕ ಕಚೇರಿಗೆ ನಾನು ಸೇರಿದಾಗ ಫಲಕ ಮೇಲೇರಿ ಬಹಳ ಕಾಲವಾಗಿತ್ತು. ಹಲ್ಲುಪುಡಿ ಕಂಪನಿ ನಮ್ಮ ಕಚೇರಿಯ ಅತಿ ದೊಡ್ಡ ಗಿರಾಕಿ. ಅಜ್ಜಿಯನ್ನು ಶಾಲೆಗಳಿಗೆ, ಮಹಿಳಾ ಸಮಾಜಗಳಿಗೆ, ಅಂಗಡಿಗಳ ಉದ್ಘಾಟನೆಗೆ ಕಾರಿನಲ್ಲಿ ಕರೆದೊಯ್ಯುವುದು, ಅವಳು ನಕ್ಕು ಕೈಮುಗಿದ ಮೇಲೆ ಮನೆಗೆ ಬಿಟ್ಟು ಬರುವುದು ನನ್ನ ಪಾಲಿಗೆ ಬಂದಿತ್ತು.

ಅವಳ ಹೆಸರು ದೇವೀರಮ್ಮ. ಮಾರುಕಟ್ಟೆಯ ಬಾಗಿಲಲ್ಲಿ ಸೊಪ್ಪು ಮಾರಿಕೊಂಡಿದ್ದವಳನ್ನು ರಾಯರು ಒಂದು ದಿನ ಕಾರಿನ ಕಿಟಕಿಯಿಂದ ಕಂಡು, ಈ ಮುಖವನ್ನು ಯಾರೂ ಅನುಮಾನಿಸುವುದಿಲ್ಲ ಎಂದುಕೊಂಡರಂತೆ. ಅದನ್ನು ಅವರು ನಮಗೆ ಪಾಠದ ಹಾಗೆ ಹೇಳುತ್ತಿದ್ದರು. ‘ನಾವು ಸುಳ್ಳು ಹೇಳಬಾರದು ಕಣ್ರಿ, ಅದು ಒರಟರ ಕೆಲಸ. ಜನ ಏನನ್ನ ನಂಬೋಕೆ ಆಸೆಪಡ್ತಾರೋ ಅದನ್ನ ಮೆಲ್ಲಗೆ ಅವರ ಕೈಗಿಡಬೇಕು.’ ರಾಯರ ಮಾತಿನಲ್ಲಿ ಮೋಡಿಯಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಅವರ ಧಾಟಿಯಲ್ಲೇ ಮಾತಾಡಲು ಯತ್ನಿಸುತ್ತಿದ್ದೆ.

ಅಜ್ಜಿಗೆ ಆ ಮೋಡಿ ತಟ್ಟಿದಂತಿರಲಿಲ್ಲ. ಕಾರಿನಲ್ಲಿ ಕೂತರೆ ಹೊರಗಿನ ತರಕಾರಿ ಗಾಡಿಗಳನ್ನೇ ನೋಡುತ್ತ, ‘ದಂಟು ಬಾಡೋಗ್ಯದೆ, ನೀರು ಚಿಮುಕ್ಸಬಾರ್ದಾ’ ಎಂದು ಗೊಣಗುತ್ತಿದ್ದಳು. ಕಾರ್ಯಕ್ರಮಗಳಲ್ಲಿ ಕೋಡುಬಳೆ, ಚಕ್ಕುಲಿ ತಟ್ಟೆಯಲ್ಲಿಟ್ಟು ಕೊಟ್ಟರೆ ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ‘ಮನೇಲಿ ತಿಂತೀನಿ ಬುಡವ್ವ’ ಎನ್ನುತ್ತಿದ್ದಳು. ನನ್ನೆದುರು ಅವಳು ಏನನ್ನೂ ಅಗಿದದ್ದನ್ನು ನಾನು ನೋಡಿರಲಿಲ್ಲ. ಸಂಕೋಚದ ಜೀವ ಎಂದುಕೊಂಡು ಸುಮ್ಮನಿದ್ದೆ.

ಹೀಗಿರುವಾಗ ಕಂಪನಿ ಹಳೆಯ ಪುಡಿಯನ್ನು ನಿಲ್ಲಿಸಿ, ಹಲ್ಲು ಇನ್ನಷ್ಟು ಬೆಳ್ಳಗಾಗುತ್ತದೆಂದು ಹೊಸದೊಂದನ್ನು ಬಿಟ್ಟಿತು. ಡಬ್ಬಿಯ ಮೇಲೆ ಅದೇ ಅಜ್ಜಿ, ಅದೇ ಕಬ್ಬು. ಕೆಲವು ವಾರ ಕಳೆಯುವುದರೊಳಗೆ ಸರಕಾರಿ ಆಸ್ಪತ್ರೆಗೆ ಬಾಯಿಹುಣ್ಣಾದ ಮಕ್ಕಳು ಬರತೊಡಗಿದರು. ಒಸಡು ಬಿಳಿಚಿ ಸುಲಿದು, ನಾಲಿಗೆಯ ಮೇಲೆ ಬೊಬ್ಬೆಯೆದ್ದ ಮಕ್ಕಳು. ಅಲ್ಲಿನ ವೈದ್ಯರು ಯಾವ ಪುಡಿ ಹಾಕುತ್ತೀರೆಂದು ತಾಯಂದಿರನ್ನು ಕೇಳಿದಾಗ ಎಲ್ಲರ ಉತ್ತರವೂ ಒಂದೇ ಆಗಿತ್ತು. ಊರಿನ ಪತ್ರಿಕೆಯೊಂದರ ಒಳಪುಟದಲ್ಲಿ ಸಣ್ಣ ಸುದ್ದಿ ಬಂತು.

ರಾಯರು ಗಾಬರಿಯಾಗಲಿಲ್ಲ. ಕಚೇರಿಯ ಬಾಗಿಲು ಹಾಕಿಸಿ, ನಮ್ಮೆಲ್ಲರಿಗೂ ಕಾಫಿ ತರಿಸಿ, ಕೆಲಸ ಹಂಚಿದರು. ಎಲ್ಲೂ ಇಲ್ಲದ ‘ದಂತಾರೋಗ್ಯ ಹಿತೈಷಿಗಳ ಬಳಗ’ದ ಹೆಸರಿನಲ್ಲಿ ಒಬ್ಬರು ಕರಪತ್ರ ಬರೆಯಬೇಕು. ವಾಚಕರ ಪತ್ರಗಳು ನನ್ನ ಪಾಲಿಗೆ ಬಂದವು. ಧವಳಿಕಾ ಬಳಸಿ ತಮ್ಮ ಮಕ್ಕಳು ಸುಖವಾಗಿದ್ದಾರೆಂದು ತಾಯಂದಿರು ಬರೆದಂತಿರಬೇಕು.

‘ಆ ತಾಯಂದಿರು ಯಾರು ಸಾರ್?’ ಎಂದೆ.

‘ಬರೆಯೋರೇ ತಾಯಂದಿರು. ಬೇರೆ ಬೇರೆ ಬಡಾವಣೆ ಹೆಸರು ಹಾಕಿ. ಒಂದೆರಡು ತಪ್ಪು ಕಾಗುಣಿತ ಇರಲಿ, ನಿಜ ಅನ್ಸುತ್ತೆ.’

‘ಇದು ನನ್ನ ಕೈಲಾಗಲ್ಲ ಸಾರ್.’

ರಾಯರು ನಕ್ಕು, ನನ್ನ ಮುಂದಿನ ಹಾಳೆಗಳನ್ನು ಪಕ್ಕದ ಮೇಜಿಗೆ ಸರಿಸಿದರು. ‘ಸರಿ, ನಿಮ್ಮ ಮನಸ್ಸು ಮೃದು. ನೀವು ಅಜ್ಜಿಯನ್ನ ತಯಾರು ಮಾಡಿ. ನಾಳೆ ಪತ್ರಿಕಾಗೋಷ್ಠಿ. ಅವಳು ಬಾಯಿಬಿಟ್ಟು ಎರಡು ಮಾತಾಡಿದರೆ ಡಾಕ್ಟರ ಮಾತು ಯಾರಿಗೂ ನೆನಪಿರಲ್ಲ. ಮಕ್ಕಳ ವಿಷಯ ಅವಳ ಹತ್ರ ಎತ್ತಬೇಡಿ.’

ಎತ್ತುವ ಅಗತ್ಯವೇ ಬೀಳಲಿಲ್ಲ. ನಾನು ಹೋದಾಗ ಅಜ್ಜಿಯ ಜಗಲಿಯ ಮೇಲೆ ಪಕ್ಕದ ಮನೆಯ ಹುಡುಗಿ ಪಾರಿ ಒದ್ದೆ ಬಟ್ಟೆಯನ್ನು ಬಾಯಿಗೊತ್ತಿಕೊಂಡು ಕೂತಿತ್ತು. ಯಾವಾಗಲೂ ಕಾರಿನ ಹಾರನ್ ಒತ್ತಿ ಓಡುತ್ತಿದ್ದ ಹುಡುಗಿ. ಅಜ್ಜಿ ತಣ್ಣಗಿನ ಮಜ್ಜಿಗೆಯನ್ನು ಚಮಚದಲ್ಲಿ ಅದರ ಬಾಯಿಗೆ ಬಿಡುತ್ತಿದ್ದಳು. ಪ್ರತಿ ಗುಟುಕಿಗೂ ಹುಡುಗಿಯ ಹೆಗಲು ಸೆಟೆಯುತ್ತಿತ್ತು.

ನಾನು ಕಲಿಸಬೇಕಾಗಿದ್ದ ಮಾತುಗಳನ್ನು ಹೇಳಿದೆ. ‘ಈ ವಯಸ್ಸಿನಲ್ಲೂ ನನ್ನ ಹಲ್ಲು ಗಟ್ಟಿಯಾಗಿದೆ. ಅದಕ್ಕೆ ಧವಳಿಕಾನೇ ಕಾರಣ.’ ಅಜ್ಜಿ ಕೇಳಿಸಿಕೊಂಡಳು. ಲೋಟವನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದಳು.

‘ಇವರವ್ವ ನನ್ ಚಿತ್ರ ನೋಡಿ ಆ ಡಬ್ಬಿ ತಂದ್ಲಂತೆ ಕಣವ್ವ. ಪಕ್ಕದ್ ಮನೆ ಅಜ್ಜಿ, ಸುಳ್ಳಾಡ್ತಾಳಾ ಅಂತ. ನೀನು ಓದ್ದೋಳು, ಕೇಳ್ತೀನಿ. ಇದು ಆ ಪುಡಿಯಿಂದ್ಲೇ ಆದದ್ದಾ?’

ಏನು ಹೇಳಬೇಕೆಂದು ರಾಯರು ನನಗೆ ಕಲಿಸಿದ್ದರು. ಊರಲ್ಲೆಲ್ಲ ಶಾಖ ಹೆಚ್ಚಾಗಿದೆ, ಮಕ್ಕಳಿಗೆ ಉಷ್ಣವಾಗುತ್ತದೆ, ತಜ್ಞರು ಪರೀಕ್ಷಿಸುತ್ತಿದ್ದಾರೆ. ಅಷ್ಟೂ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

‘ಹೌದು ಅಜ್ಜಿ. ಅದರಿಂದಾನೇ ಅಂತ ಡಾಕ್ಟರು ಹೇಳ್ತಿದ್ದಾರೆ. ನಾನೂ ಅದನ್ನೇ ನಂಬ್ತೀನಿ.’

ಅವಳು ಬಯ್ಯುತ್ತಾಳೆಂದು ಕಾದೆ. ಅವಳು ಮತ್ತೆ ಲೋಟ ಕೈಗೆತ್ತಿಕೊಂಡಳು. ‘ನಾಳಿಕ್ ಕಾರು ಕಳ್ಸು. ಬತ್ತೀನಿ’ ಎಂದಷ್ಟೇ ಹೇಳಿದಳು. ಬರಬೇಡಿ ಎನ್ನಬೇಕೆಂದಿದ್ದೆ. ಅವಳ ಮುಖ ನೋಡಿ ಆಗಲಿ ಎಂದೆ.

ಮರುದಿನ ನಾಲ್ಕು ರಸ್ತೆಯನ್ನು ದಾಟುವಾಗ ಅಜ್ಜಿ ಕತ್ತೆತ್ತಿ ಫಲಕವನ್ನು ದಿಟ್ಟಿಸಿದಳು. ಅದುವರೆಗೆ ಅವಳು ಒಮ್ಮೆಯೂ ಅತ್ತ ನೋಡಿದ್ದು ನನಗೆ ನೆನಪಿಲ್ಲ. ‘ಆ ಕಬ್ಬನ್ನ ಮೊದ್ಲೇ ಸಿಗ್ದು, ಸಿಪ್ಪೇನ ಅಂಟ್ ಹಾಕಿ ಮೆತ್ತಿದ್ರು ಕಣವ್ವ’ ಎಂದಳು. ನಾನು ಏನಾದರೂ ಕೇಳುವ ಮೊದಲೇ ಕಾರು ಹೋಟೆಲಿನ ಅಂಗಳಕ್ಕೆ ತಿರುಗಿತ್ತು.

ಸಭಾಂಗಣ ತುಂಬಿತ್ತು. ಕಂಪನಿಯವರು ಮುಂದಿನ ಸಾಲಿನಲ್ಲಿ ಕೂತಿದ್ದರು. ರಾಯರು ಅಜ್ಜಿಯನ್ನು ಪರಿಚಯಿಸಿ, ಅವಳ ಮುಂದೆ ಒಂದು ಕಬ್ಬಿನ ತುಂಡನ್ನೂ ಒಂದು ಲೋಟ ನೀರನ್ನೂ ಇಡಿಸಿ, ‘ಅಜ್ಜಮ್ಮ, ನಿಮ್ಮ ಹಲ್ಲಿನ ಗುಟ್ಟನ್ನ ಇವರಿಗೆಲ್ಲ ನೀವೇ ಹೇಳಿ’ ಎಂದರು.

ಅಜ್ಜಿ ಕಬ್ಬನ್ನು ಪಕ್ಕಕ್ಕೆ ಸರಿಸಿದಳು. ಸೆರಗನ್ನು ಹೊದ್ದು ಸರಿಮಾಡಿಕೊಂಡಳು. ಆಮೇಲೆ ಬಾಯೊಳಗೆ ಎರಡು ಬೆರಳು ಹಾಕಿ, ಮೇಲಿನ ಸಾಲನ್ನು ತೆಗೆದು ಲೋಟಕ್ಕೆ ಬಿಟ್ಟಳು. ಕೆಳಗಿನದನ್ನೂ ತೆಗೆದು ಬಿಟ್ಟಳು. ಗಾಜಿಗೆ ತಾಗಿ ಟಿಣ್ಣೆಂದ ಸದ್ದು ಕೊನೆಯ ಸಾಲಿನವರೆಗೂ ಕೇಳಿಸಿತು. ಅವಳ ಕೆನ್ನೆ ಒಳಕ್ಕೆ ಕುಸಿಯಿತು. ಫಲಕದ ಅಜ್ಜಿ ಮಾಯವಾಗಿ ಮಾರುಕಟ್ಟೆ ಬಾಗಿಲಿನ ಸೊಪ್ಪಿನ ದೇವೀರಮ್ಮ ಅಲ್ಲಿ ಕೂತಿದ್ದಳು.

‘ಇದೇ ಗುಟ್ಟು’ ಎಂದಳು. ಮಾತು ತೊದಲುತ್ತಿದ್ದರೂ ದನಿ ಗಟ್ಟಿಯಾಗಿತ್ತು. ‘ಇವು ಇವ್ರು ಕಟ್ಟಿಸ್ಕೊಟ್ಟಿದ್ದು. ನನ್ ಹಲ್ಲು ಇವ್ರು ಬರೋಕ್ ಮುಂಚೇನೇ ಉದುರೋಗಿದ್ವು. ಆ ಪುಡೀನ ನಾನು ಒಂದಿನಾನೂ ಬಾಯಿಗ್ ಹಾಕ್ಲಿಲ್ಲ. ನಗು ಅಂದ್ರು, ನಕ್ಕೆ. ಯಾರಿಗೂ ಕೆಡಕಾಗಲ್ವಲ್ಲ ಅನ್ಕೊಂಡಿದ್ದೆ. ಈಗ ಮಕ್ಕಳ್ ಬಾಯಿ ಸುಲ್ದೋಗ್ಯದೆ. ನನ್ ಮೊಕ ನೋಡಿ ತಂದಿದ್ರೆ, ನನ್ ಮಾತು ಕೇಳಿ ಬಿಸಾಕಿ.’

 

ರಾಯರು ಆಗಲೂ ತಾಳ್ಮೆಗೆಡಲಿಲ್ಲ. ವರದಿಗಾರರಿಗೆ ವರಾಂಡದಲ್ಲಿ ಉಪಾಹಾರವಿದೆ ಎಂದು ನಯವಾಗಿ ಹೇಳಿ ಕಳಿಸಿ, ನನ್ನನ್ನು ಪಕ್ಕದ ಕೋಣೆಗೆ ಕರೆದರು. ಅವರು ನಿಂತಲ್ಲೇ ಹೇಳಿಕೆಯೊಂದನ್ನು ಬರೆದು ಮುಗಿಸಿದ್ದರು. ದೇವೀರಮ್ಮನವರಿಗೆ ಕೆಲ ಕಾಲದಿಂದ ಅರಳುಮರಳು. ಎದುರಾಳಿ ಕಂಪನಿಯವರು ಅದರ ದುರ್ಲಾಭ ಪಡೆದಿದ್ದಾರೆ. ಸದಾ ಅವರ ಜೊತೆಗಿದ್ದು ಆರೈಕೆ ಮಾಡಿದ ಸಿಬ್ಬಂದಿಯಾಗಿ ಇದನ್ನು ನೋವಿನಿಂದ ತಿಳಿಸುತ್ತಿದ್ದೇನೆ. ಕೆಳಗೆ ನನ್ನ ಹೆಸರಿತ್ತು. ಸಹಿಗೆ ಜಾಗ ಬಿಟ್ಟಿದ್ದರು.

‘ಸಹಿ ಹಾಕಿ. ನೀವು ಹೇಳಿದ್ರೆ ಜನ ನಂಬ್ತಾರೆ.’

‘ಅದಕ್ಕೇ ಹಾಕಲ್ಲ ಸಾರ್.’

‘ಯೋಚನೆ ಮಾಡಿ. ಅಜ್ಜಿಗೆ ಇದರಿಂದ ಏನು ನಷ್ಟ? ನಾಳೆ ಯಾರೂ ಅವಳನ್ನ ನೆನೆಸ್ಕೊಳ್ಳಲ್ಲ.’

‘ಅವರ ತಲೆ ನಿಮ್ಮ ನನ್ನ ತಲೆಗಿಂತ ಸರಿಯಾಗಿದೆ. ಹುಚ್ಚಿ ಅಂತ ಬರೆದುಕೊಡೋಕೆ ನಾನು ಸಂಬಳ ತಗೊಂಡಿಲ್ಲ.’

ಅವರ ಮುಖದ ನಗು ಮೊದಲ ಬಾರಿಗೆ ಆರಿತು. ‘ಈ ಬಾಗಿಲು ದಾಟಿದ್ರೆ ಈ ಊರಲ್ಲಿ ಯಾವ ಕಚೇರೀನೂ ನಿಮ್ಮನ್ನ ಒಳಗೆ ಬಿಟ್ಕೊಳ್ಳಲ್ಲ. ಅಷ್ಟು ಮಾಡೋದು ನನಗೆ ಕಷ್ಟವಲ್ಲ.’

‘ಗೊತ್ತು ಸಾರ್. ನಿಮ್ಮ ಕೆಲಸ ನೋಡಿ ಕಲಿತಿದ್ದೀನಿ.’

ಬಾಗಿಲು ದಾಟಿ ನೇರವಾಗಿ ವರಾಂಡಕ್ಕೆ ಹೋದೆ. ವರದಿಗಾರರು ತಟ್ಟೆ ಹಿಡಿದು ನಿಂತಿದ್ದರು. ‘ಇವತ್ತು ನಿಮಗೊಂದು ಹೇಳಿಕೆ ಬರಬಹುದು’ ಎಂದೆ. ‘ಅಜ್ಜಿಗೆ ಅರಳುಮರಳು ಅಂತ ಅದರಲ್ಲಿರುತ್ತೆ. ದಿನವೂ ಅವರ ಜೊತೆಗಿದ್ದವಳು ನಾನು. ಅವರು ಹೇಳಿದ್ದು ನಿಜ. ಕರಪತ್ರ ಹಂಚುತ್ತಿರೋ ಬಳಗ ಎಲ್ಲೂ ಇಲ್ಲ. ನಿಮ್ಮ ಪತ್ರಿಕೆಗೆ ಬರೋ ತಾಯಂದಿರ ಪತ್ರಗಳು ನಮ್ಮ ಕಚೇರಿಯಲ್ಲಿ ಬರೆದದ್ದು. ನನ್ನ ಹೆಸರು ಹಾಕಿ.’ ಹಿರಿಯ ವರದಿಗಾರ್ತಿಯೊಬ್ಬಳು ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಕೈಯನ್ನು ಸೀರೆಗೆ ಒರೆಸಿಕೊಂಡು, ‘ಹೆಸರು ಹೇಳಿ, ನಿಧಾನವಾಗಿ’ ಎಂದಳು. ನಾನು ಹೇಳಿದೆ.

ಮರುದಿನ ಬೆಳಿಗ್ಗೆಯೇ ಫಲಕದ ಅಜ್ಜಿಯ ಹಲ್ಲುಗಳಿಗೆ ಯಾರೋ ಡಾಂಬರು ಬಳಿದಿದ್ದರು. ಅಂಗಡಿಗಳಿಂದ ಪುಡಿ ಹಿಂದಕ್ಕೆ ಹೋಯಿತು. ತಪ್ಪಾಯಿತೆಂದು ಕಂಪನಿ ಕೊನೆಗೂ ಹೇಳಲಿಲ್ಲ. ಅದರ ಪುಡಿ ಬೇರೆ ಹೆಸರಿನಲ್ಲಿ, ಬೇರೆ ಡಬ್ಬಿಯಲ್ಲಿ, ಒಬ್ಬ ಸೈನಿಕನ ಚಿತ್ರ ಹಾಕಿಕೊಂಡು ಮತ್ತೆ ಬಂತು. ರಾಯರ ಮಾತು ನನ್ನ ಮಟ್ಟಿಗೆ ನಿಜವಾಯಿತು. ಕಚೇರಿಗಳಲ್ಲಿ ನನ್ನ ಹೆಸರು ಕೇಳಿದೊಡನೆ ಕುರ್ಚಿಗಳು ಹಿಂದಕ್ಕೆ ಸರಿಯುತ್ತಿದ್ದವು. ಕಡೆಗೆ ನನಗೆ ಕೆಲಸ ಸಿಕ್ಕಿದ್ದು ಅದೇ ಸರಕಾರಿ ಆಸ್ಪತ್ರೆಯಲ್ಲಿ. ಕಾಲರಾ, ಲಸಿಕೆ, ನಾಯಿಕಡಿತದ ಬಗ್ಗೆ ಜನರಿಗೆ ಅರ್ಥವಾಗುವಂತೆ ಬರೆಯುವುದು. ನೀರು ಕುದಿಸಿ ಕುಡಿಯಿರಿ ಎಂದು ಬರೆದ ದಿನ ನನಗಾದ ಹೆಮ್ಮೆಯನ್ನು ಯಾರಿಗೂ ಹೇಳಿಕೊಳ್ಳಲಿಲ್ಲ.

ಕೆಲಸ ಸಿಕ್ಕ ಸುದ್ದಿ ಹೇಳಲು ಅಜ್ಜಿಯ ಮನೆಗೆ ಹೋದೆ. ಅವಳು ಮತ್ತೆ ಸೊಪ್ಪು ಮಾರುತ್ತಿದ್ದಳು. ಗಿರಾಕಿಗಳು ಹೆಚ್ಚಾಗಿದ್ದಾರೆ, ಕೆಲವರು ಬರೀ ಮಾತಾಡಿಸಿ ಹೋಗುತ್ತಾರೆ, ಸೊಪ್ಪು ಕೊಳ್ಳುವುದಿಲ್ಲ ಎಂಬುದೊಂದೇ ಅವಳ ದೂರು. ಕಂಪನಿಯ ಮನುಷ್ಯನೊಬ್ಬ ಹಲ್ಲಿನ ಸೆಟ್ಟನ್ನು ವಾಪಸು ಕೇಳಿಕೊಂಡು ಬಂದಿದ್ದನಂತೆ.

‘ಕೊಟ್ರಾ?’

‘ಮುತ್ತುಗದೆಲೇಲಿ ಕಟ್ಟಿ ಕೊಟ್ಟೆ. ಹಿಡ್ಕೊಳ್ಳೋಕೇ ಹೇಸ್ಕೊಂಡ. ನಿಮ್ದೇ ಅಲ್ವೇನಪ್ಪ, ಹಿಡ್ಕೋ ಅಂದೆ.’

ಒಲೆಯ ಮೇಲೆ ಎಣ್ಣೆ ಕಾದಿತ್ತು. ಅಜ್ಜಿ ಹಸಿಮೆಣಸಿನಕಾಯಿಯನ್ನು ಹಿಟ್ಟಿನಲ್ಲಿ ಅದ್ದಿ ಬಿಡುತ್ತಿದ್ದಳು. ಹೊಸ್ತಿಲ ಮೇಲೆ ಪಾರಿ ಕೂತಿತ್ತು. ಬಿಸಿ ಬಜ್ಜಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾಕುತ್ತ, ಊದುತ್ತ, ಹುಡುಗಿ ಅರ್ಧಕ್ಕೇ ಕಚ್ಚಿತು. ಮೂಗು ಕೆಂಪಾಯಿತು. ಎರಡು ಕಣ್ಣಲ್ಲೂ ನೀರು ಧಾರೆಯಾಗಿ ಗಲ್ಲದವರೆಗೆ ಇಳಿಯಿತು. ಅಜ್ಜಿ ಮಜ್ಜಿಗೆಯ ಲೋಟವನ್ನು ಅತ್ತ ತಳ್ಳಿದಳು. ಪಾರಿ ಅದನ್ನು ಮುಟ್ಟಲಿಲ್ಲ. ಉಸ್ಸೆನ್ನುತ್ತ, ಕಣ್ಣೊರೆಸಿಕೊಳ್ಳುವ ಗೋಜಿಗೂ ಹೋಗದೆ, ಇನ್ನೊಂದಕ್ಕೆ ಕೈ ಚಾಚಿತು.