ಎರಡು ವಾರ್ಡಿನ ಗೂಡು

ಅಕ್ಕನ ಮಕ್ಕಳಿಬ್ಬರೂ ನಗರಸಭೆಗೆ ಆಯ್ಕೆಯಾದದ್ದು ಕೆರೆಮಾಮನಿಗೆ ಹೆಮ್ಮೆಯ ವಿಷಯವೇ ಆಗಬೇಕಿತ್ತು. ಆದರೆ ಒಬ್ಬ ಒಂದು ಪಕ್ಷ, ಇನ್ನೊಬ್ಬಳು ಇನ್ನೊಂದು ಪಕ್ಷ. ಗೆದ್ದದ್ದು ಪಕ್ಕಪಕ್ಕದ ವಾರ್ಡುಗಳಲ್ಲಿ. ಗೆದ್ದ ಮೇಲೆ ಎರಡು ವರ್ಷದಿಂದ ಮಾತಿಲ್ಲ, ಕಥೆಯಿಲ್ಲ. ಹೆಮ್ಮೆ ಪಡುವುದಕ್ಕೆ ಆ ಬಡಪಾಯಿಗೆ ಪುರುಸೊತ್ತಾದರೂ ಎಲ್ಲಿತ್ತು?

ಊರೆಲ್ಲ ಅವನನ್ನು ಕೆರೆಮಾಮ ಎಂದೇ ಕರೆಯುತ್ತಿತ್ತು. ಕೆರೆಯ ಜೊಂಡು ತೆಗೆಯುವುದು, ತೂಬು ನೋಡಿಕೊಳ್ಳುವುದು, ಚಪ್ಪಟೆ ತಳದ ಹಳೆಯ ದೋಣಿಯಲ್ಲಿ ದಿನಕ್ಕೆರಡು ಸುತ್ತು ಹಾಕಿ ಪ್ಲಾಸ್ಟಿಕ್ ಆಯುವುದು, ಇದು ಅವನ ನೌಕರಿ. ಅಕ್ಕ ಭಾವ ಒಂದೇ ವರ್ಷದಲ್ಲಿ ತೀರಿಕೊಂಡಾಗ ಪಂಪ್‌ಹೌಸಿನ ಪಕ್ಕದ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಈ ಇಬ್ಬರನ್ನು ಸಾಕಿದವನು ಅವನೇ. ಮದುವೆಯ ಮಾತು ಬಂದಾಗಲೆಲ್ಲ, "ಈಗಾಗಲೇ ಇಬ್ಬರು ಮಕ್ಕಳಿದ್ದಾರಲ್ಲಪ್ಪ, ಇನ್ನೆಂಥ ಮದುವೆ" ಎಂದು ಜಾರಿಕೊಂಡಿದ್ದ. ದೊಡ್ಡವನು ಈಗ ಸೈಕಲ್ ಅಂಗಡಿ ಇಟ್ಟಿದ್ದಾನೆ. ಚಿಕ್ಕವಳು ಡ್ರೈವಿಂಗ್ ಸ್ಕೂಲ್ ನಡೆಸುತ್ತಾಳೆ. ಬೀದಿಯ ಅರ್ಧ ಹೆಂಗಸರು ಕ್ಲಚ್ ಒತ್ತಲು ಕಲಿತದ್ದು ಅವಳ ಬೈಗುಳ ತಿಂದೇ.

ಮಾತು ನಿಂತದ್ದಕ್ಕೆ ಕಾರಣ ಇಲ್ಲದಿರಲಿಲ್ಲ. ಐದು ವರ್ಷ ಸಂಸಾರ ಮಾಡಿ, ಇನ್ನು ಆಗದು ಎನಿಸಿದಾಗ ತಂಗಿ ಒಂದು ಸೂಟ್‌ಕೇಸ್ ಹಿಡಿದು ಮಾಮನ ಬಾಗಿಲಿಗೆ ಬಂದಿದ್ದಳು. ಆಮೇಲೆ ಚುನಾವಣೆ ಬಂತು. ತನ್ನ ಪಕ್ಷದವರ ಪರವಾಗಿ ಪ್ರಚಾರಕ್ಕೆಂದು ಅವಳ ವಾರ್ಡಿಗೆ ಹೋಗಿದ್ದ ಅಣ್ಣ ಮೈಕ್ ಕೈಗೆ ಸಿಕ್ಕ ಅಮಲಿನಲ್ಲಿ, "ಸ್ವಂತ ಮನೆ ಬಿಟ್ಟು ಓಡಿ ಬಂದವಳು ನಿಮ್ಮ ವಾರ್ಡನ್ನ ಏನು ಉಳಿಸ್ತಾಳೆ?" ಎಂದುಬಿಟ್ಟ. ಜನ ಗೊಳ್ಳೆಂದು ನಕ್ಕರು. ಪಕ್ಕದ ಓಣಿಯಲ್ಲಿ ಕರಪತ್ರ ಹಂಚುತ್ತಿದ್ದ ತಂಗಿಗೆ ಮಾತೂ ಕೇಳಿಸಿತು, ನಗುವೂ ಕೇಳಿಸಿತು. ಅವಳು ಗೆದ್ದಳೇನೋ ನಿಜ. ಆದರೆ ಆ ನಗು ಅವಳ ಎದೆಯಲ್ಲಿ ಹಾಗೇ ಉಳಿಯಿತು. ನಾಲಿಗೆ ಜಾರಿತೆಂದು ಅಣ್ಣ ಮಾಮನೆದುರು ಹತ್ತು ಸಲ ಒಪ್ಪಿಕೊಂಡ. ತಂಗಿಯ ಎದುರು ಒಂದು ಸಲವೂ ಇಲ್ಲ.

ನಗರಸಭೆಯಲ್ಲಿ ಏನೇ ಮಾತಾಡುವುದಿದ್ದರೂ ಅಧ್ಯಕ್ಷರ ಮೂಲಕ ಆಡಬೇಕೆಂಬ ನಿಯಮವಿದೆಯಲ್ಲ, ಅದು ಇಬ್ಬರಿಗೂ ಹಾಲು ಕುಡಿದಷ್ಟು ಸಂತೋಷ ಕೊಟ್ಟಿತ್ತು. ಆ ಚಾಳಿಯನ್ನು ಮನೆಗೂ ತಂದರು. ಮಾಮನನ್ನು ಮಾತ್ರ ಇಬ್ಬರೂ ಬಿಡಲಾರರು; ಭಾನುವಾರದ ಊಟಕ್ಕೆ ಇಬ್ಬರೂ ಹಾಜರ್. "ಮಾಮ, ಮಾನ್ಯ ಸದಸ್ಯರಿಗೆ ಇನ್ನೊಂಚೂರು ಅನ್ನ ಬೇಕಾ ಕೇಳು." "ಮಾಮ, ಮಾನ್ಯ ಸದಸ್ಯೆಗೆ ಸಾಕು ಅಂತ ಹೇಳು." ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತವರ ಮಾತನ್ನು ಆಚೆಯಿಂದ ಈಚೆಗೆ ಸಾಗಿಸಿ ಮಾಮನಿಗೆ ತಲೆ ಚಿಟ್ಟು ಹಿಡಿದಿತ್ತು. "ಅಧ್ಯಕ್ಷರಿಗೆ ಕಾರಾದ್ರೂ ಕೊಟ್ಟಿದ್ದಾರೆ. ನನಗೇನು ಕೊಟ್ಟಿದ್ದೀರಿ?" ಎಂದು ಗೊಣಗುವನು. ಒಳಗೊಳಗೆ ಅವನಿಗಿದ್ದದ್ದು ಒಂದೇ ಆಸೆ: ತಾನು ಕಣ್ಣುಮುಚ್ಚುವ ಮೊದಲು ಇವರಿಬ್ಬರು ನೇರವಾಗಿ ಮಾತಾಡಬೇಕು. ತಾನು ಹೋದಮೇಲೆ ಇವನಿಗೆ ಅವಳು, ಅವಳಿಗೆ ಇವನು ಬಿಟ್ಟರೆ ಇನ್ಯಾರಿದ್ದಾರೆ?

ಇಂಥದ್ದರಲ್ಲಿ ಜೊಂಡು ತೆಗೆಯುವ ಯಂತ್ರ ಬರುವ ಸುದ್ದಿ ಬಂತು. ವಾರ್ಡುಗಳ ಗಡಿ ಕೆರೆಯ ನಟ್ಟನಡುವೆ ಹಾದುಹೋಗಿತ್ತು. ಸರಿಯಾಗಿ ಅಲ್ಲೇ, ತೇಲುವ ಜೊಂಡಿನ ಮೇಲೆ, ಒಂದು ಗುಳುಮುಳುಕ ಗೂಡು ಕಟ್ಟಿತ್ತು. ಗೇಣುದ್ದದ ಕಂದು ಹಕ್ಕಿ ಅದು. ಇಲ್ಲಿ ಮುಳುಗಿ ಇನ್ನೆಲ್ಲೋ ಏಳುವುದು. ಗಾಳಿ ಬೀಸಿದಾಗ ಗೂಡು ಬೆಳಿಗ್ಗೆ ಅಣ್ಣನ ವಾರ್ಡಿನಲ್ಲಿದ್ದರೆ ಸಂಜೆ ತಂಗಿಯ ವಾರ್ಡಿನಲ್ಲಿರುತ್ತಿತ್ತು. ಇಂಜಿನಿಯರು ದಡದಿಂದಲೇ ದುರ್ಬೀನು ಹಿಡಿದು, "ಖಾಲಿ ಗೂಡು" ಎಂದು ಬರೆದುಕೊಂಡ. ಒಳಗೆ ಮೊಟ್ಟೆಯಿದೆ ಎಂದು ಮಾಮ ಎಷ್ಟು ಹೇಳಿದರೂ, "ಎರಡೂ ವಾರ್ಡಿನ ಸದಸ್ಯರು ಕಣ್ಣಾರೆ ನೋಡಿ ಸಹಿ ಹಾಕಿದ್ರೆ ಮಾತ್ರ ಕೆಲಸ ನಿಲ್ಲಿಸ್ತೀನಿ" ಎಂದ.

ಇಬ್ಬರಿಗೂ ಬೆಳಿಗ್ಗೆ ಏಳಕ್ಕೆ ಬಾ ಎಂದ ಮಾಮ, ಇನ್ನೊಬ್ಬರೂ ಬರುತ್ತಾರೆಂಬ ವಿಷಯವನ್ನು ಬಾಯಿ ತಪ್ಪಿಯೂ ಹೇಳಲಿಲ್ಲ. ದಡದಲ್ಲಿ ಎದುರುಬದುರಾದಾಗ ಇಬ್ಬರ ಮುಖವೂ ನೋಡುವಂತಿತ್ತು. ಆದರೆ ಇದ್ದದ್ದು ಒಂದೇ ದೋಣಿ. ಯಂತ್ರ ಆಗಲೇ ಬಂದು ನಿಂತಿತ್ತು. ಇಂಜಿನಿಯರು, ವಾಕಿಂಗಿಗೆ ಬಂದವರು, ಎರಡೂ ಪಕ್ಷದ ಹುಡುಗರು ನೋಡುತ್ತಿದ್ದರು. ಅವಳು ಮುಂದಿನ ತುದಿಯಲ್ಲಿ ಕೂತಳು, ಅವನು ಹಿಂದಿನ ತುದಿಯಲ್ಲಿ. ನಡುವೆ ಹುಟ್ಟು ಹಿಡಿದು ಮಾಮ.

"ಮಾಮ, ಅವರಿಗೆ ನೆಟ್ಟಗೆ ಕೂರೋಕೆ ಹೇಳು. ದೋಣಿ ವಾಲ್ತಾ ಇದೆ," ಎಂದಳು ತಂಗಿ.

ಮಾಮ ತುಟಿ ಬಿಚ್ಚಲಿಲ್ಲ. ಇವತ್ತು ಒಬ್ಬರ ಮಾತನ್ನೂ ದಾಟಿಸುವುದಿಲ್ಲ ಎಂದು ಎದ್ದಾಗಲೇ ತೀರ್ಮಾನಿಸಿಕೊಂಡಿದ್ದ.

"ಮಾಮ, ನೆಟ್ಟಗೇ ಕೂತಿದ್ದೀನಿ ಅಂತ ಹೇಳು."

ಊಹೂಂ. ಮಾಮ ಕಿವಿಗೆ ಹತ್ತಿ ತುರುಕಿಕೊಂಡವನಂತೆ ಹುಟ್ಟು ಹಾಕುತ್ತಲೇ ಇದ್ದ. ಇಬ್ಬರೂ ದಿಕ್ಕು ತೋಚದೆ ಒಬ್ಬರು ಈ ಕಡೆಯ ನೀರನ್ನೂ ಒಬ್ಬರು ಆ ಕಡೆಯ ನೀರನ್ನೂ ನೋಡುತ್ತ ಕೂತರು.

ದೋಣಿ ಹತ್ತಿರವಾಗುತ್ತಿದ್ದಂತೆ ಹಕ್ಕಿ ಸದ್ದಿಲ್ಲದೆ ನೀರಿಗಿಳಿದು ಮಾಯವಾಯಿತು. ಉಳಿದದ್ದು ಕೊಳೆತ ಜೊಂಡಿನ ಒದ್ದೆ ಗುಪ್ಪೆ.

"ಏನೂ ಇಲ್ವಲ್ಲ," ಅಣ್ಣ ಬಗ್ಗಿ ನೋಡಿದ. "ಇಂಜಿನಿಯರ್ ಹೇಳಿದ್ದೇ ಸರಿ, ಮಾಮ. ಬಿಟ್ಟು ಹೋಗಿದೆ."

ಮಾಮನಿಗೆ ಉತ್ತರ ನಾಲಿಗೆ ತುದಿಗೆ ಬಂತು. ಹಲ್ಲು ಕಚ್ಚಿ ಸುಮ್ಮನಿದ್ದ.

"ಬಿಟ್ಟು ಹೋಗಿಲ್ಲ."

ತಂಗಿ ಮಾಮನನ್ನು ನೋಡಿ ಹೇಳಲಿಲ್ಲ. ಅಣ್ಣನನ್ನೇ ನೋಡಿ ಹೇಳಿದಳು. "ಅಪಾಯ ಅನ್ನಿಸಿದಾಗ ಮೊಟ್ಟೆ ಮುಚ್ಚಿಟ್ಟು ಹೋಗುತ್ತೆ. ದೂರದಲ್ಲಿ ನಿಂತು ನೋಡೋರಿಗೆ ಏನು ಗೊತ್ತಾಗುತ್ತೆ? ಅದು ಎಷ್ಟು ದಿನ ತಡ್ಕೊಂಡು ಕೂತಿತ್ತು, ಎಷ್ಟು ಹೆದರಿತ್ತು ಅಂತ ಯಾರಾದ್ರೂ ಕೇಳ್ತಾರಾ? ಬಿಟ್ಟು ಓಡಿಹೋಯ್ತು ಅಂದ್ಬಿಡ್ತಾರೆ, ಅಷ್ಟೇ."

ಹಕ್ಕಿಯ ಮಾತು ಎಲ್ಲಿ ಮುಗಿಯಿತು, ಅವಳ ಮಾತು ಎಲ್ಲಿ ಶುರುವಾಯಿತು ಎಂಬುದು ಅವಳಿಗೇ ತಿಳಿದಿರಲಿಕ್ಕಿಲ್ಲ. ಎರಡೇ ಬೆರಳಿನಲ್ಲಿ ಒದ್ದೆ ಜೊಂಡನ್ನು ಸರಿಸಿದಳು. ಒಳಗೆ ಕಂದು ಕಲೆಯ ನಾಲ್ಕು ಮೊಟ್ಟೆ. "ಕೈ ಇಟ್ಟು ನೋಡು," ಎಂದಳು. ಅಣ್ಣ ಮಾಮನ ಪಕ್ಕದಿಂದ ಕೈ ಚಾಚಿ ಬೆರಳಿನ ಹಿಂಬದಿ ತಾಗಿಸಿದ. ಬೆಚ್ಚಗಿತ್ತು. ಅವಳು ಬೇಗಬೇಗ ಜೊಂಡು ಮುಚ್ಚಿ, ಸೆರಗಿಗೆ ಕೈ ಒರೆಸಿಕೊಂಡಳು.

ಅಣ್ಣ ಇಂಜಿನಿಯರು ಕೊಟ್ಟಿದ್ದ ಕಾಗದಕ್ಕೆ ಸಹಿ ಹಾಕಿ ಅವಳ ಕಡೆ ಚಾಚಿದ. ಅವಳೂ ಹಾಕಿದಳು. ಗೂಡಿನಿಂದ ಸಾಕಷ್ಟು ದೂರ ಬಂದಮೇಲೆ ಅವನು ತನ್ನ ಚಪ್ಪಲಿಗೆ ಹೇಳುವವನ ಹಾಗೆ ತಲೆ ತಗ್ಗಿಸಿ, "ಆವತ್ತು ನಾನು ಅಂದಿದ್ದು ತಪ್ಪು," ಎಂದ.

ಮಾಮ ಎರಡು ವರ್ಷದಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದದ್ದು ಈ ಒಂದು ಮಾತಿಗೆ. ಸದ್ಯ, ಗೆದ್ದೆ ಎಂದುಕೊಂಡ. ಎಲ್ಲಿ ಗೆಲ್ಲುವುದು!

"ಅನ್ನೋವಾಗ ಮೈಕ್‌ನಲ್ಲಿ ಅಂದೆ," ಎಂದಳು ತಂಗಿ. "ವಾಪಸ್ ತಗೊಳ್ಳೋವಾಗ ನನ್ನೊಬ್ಬಳ ಕಿವೀಲಾ?"

ಇವಳದ್ದು ಅತಿಯಾಯಿತೇನೋ ಎಂದು ಮಾಮನಿಗೆ ದಿಗಿಲಾಯಿತು. ಇಲ್ಲ, ನ್ಯಾಯವೇ ಎಂದೂ ಅನ್ನಿಸಿತು.

"ಮಾಮ, ನಿಲ್ಲಿಸು," ಎಂದು ಅಣ್ಣ ಎದ್ದು ನಿಂತ. ದೋಣಿ ಹೊಯ್ದಾಡಿತು. "ಏಯ್, ಬೀಳ್ತೀಯಾ ಕಣೋ!" ಎಂದು ತಂಗಿ ಮಾಮನನ್ನು ದಾಟಿ ಬಂದು ಅವನ ಶರ್ಟಿನ ಚುಂಗನ್ನು ಎರಡೂ ಕೈಯಲ್ಲಿ ಹಿಡಿದಳು. ಅಣ್ಣ ದಡದತ್ತ ಮುಖ ಮಾಡಿ ಕೂಗಿದ.

"ನನ್ನ ತಂಗಿ ಮನೆ ಬಿಟ್ಟು ಓಡಿ ಬಂದವಳು ಅಂತ ಅಂದಿದ್ದೆ! ಅದು ತಪ್ಪು! ಅವಳು ಓಡಿ ಬಂದಿಲ್ಲ, ತನ್ನ ಮನೆಗೆ ಬಂದಳು!"

ದಡದಲ್ಲಿ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಂಜಿನಿಯರು ಕಿವಿಗೆ ಕೈ ಅಡ್ಡ ಹಿಡಿದ. "ಗಾಳಿ, ಸಾರ್! ಕೇಳಿಸಲಿಲ್ಲ! ಎಷ್ಟು ಮೊಟ್ಟೆ ಅಂದ್ರಿ?"

ಅಣ್ಣ ತಿರುಗಿ ತಂಗಿಯನ್ನು ನೋಡಿದ. ಅವಳ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಅದರ ನಡುವೆಯೇ ನಗು ತಡೆಯಲಾಗದೆ ತುಟಿ ಕಚ್ಚಿಕೊಂಡಿದ್ದಳು. ಶರ್ಟು ಬಿಟ್ಟಿರಲಿಲ್ಲ.

"ಇನ್ನೊಂದು ಸಲ ಹೇಳು ಅಣ್ಣ," ಎಂದಳು. "ಜೋರಾಗಿ."

ಮಾಮ ದೋಣಿಯನ್ನು ದಡದತ್ತ ಇನ್ನೂ ನಾಲ್ಕು ಮಾರು ಮುಂದಕ್ಕೆ ನೂಕಿದ.